ತಂಗಿಯ ಮದುವೆಯೂ ಕೊರಿಯಾದ ಧಾರಾವಾಹಿಯೂ

ನಾನು ಬರೆದದ್ದು ಒಂದು ಟಿವಿ ಧಾರಾವಾಹಿಯ ವಿಮರ್ಶೆ, ಅಷ್ಟೇ. ಅದರಿಂದ ನನ್ನ ತಂಗಿಯ ಮದುವೆ ಮುರಿದುಬೀಳುತ್ತದೆ ಎಂದು ಕೆಲವು ದಿನ ಅಂಜಿ ಸತ್ತೆ. ಮಾತಿಗೆ ಹೇಳುತ್ತಿಲ್ಲ. ಫೋನು ಸದ್ದು ಮಾಡಿದರೆ ಹೆಸರು ನೋಡಿ ನೋಡಿ ಎತ್ತುತ್ತಿದ್ದೆ. ತರಗತಿಯಲ್ಲಿ ಪಾಠದ ನಡುವೆ ಮಾತು ಮರೆತು ನಿಂತುಬಿಡುತ್ತಿದ್ದೆ.

ನಾನು ಜೇವರ್ಗಿಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ, ಅಲ್ಲೇ ಒಂದು ಕೋಣೆ ಬಾಡಿಗೆ ಹಿಡಿದಿದ್ದೇನೆ. ಅಪ್ಪ, ಅವ್ವ, ತಂಗಿ ಇರುವುದು ಆಳಂದ ತಾಲೂಕಿನ ನಿಂಬರ್ಗಾದಲ್ಲಿ. ಅಪ್ಪನದು ತೊಗರಿ, ಜೋಳದ ಹೊಲ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗಿ ಸೋಮವಾರ ನಸುಕಿನಲ್ಲಿ ತಿರುಗಿ ಬರುತ್ತೇನೆ. ನನಗೆ ಮದುವೆಯಾಗಿಲ್ಲ. ಇನ್ನು ಆಗುವುದಿಲ್ಲ ಎಂದು ಊರು ತೀರ್ಮಾನ ಮಾಡಿ ಬಹಳ ದಿನವಾಯಿತು; ನಾನಿನ್ನೂ ಮಾಡಿಲ್ಲ. ತಂಗಿ ನನಗಿಂತ ತುಂಬ ಚಿಕ್ಕವಳು, ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು. ದಸರೆಗೆ ಮೊದಲು ಅವಳಿಗೆ ಅಫಜಲಪುರದ ಕಡೆಯ ಒಂದು ಸಂಬಂಧ ಗಟ್ಟಿಯಾಯಿತು. ಭೀಮಾ ದಂಡೆಗೆ ಕಬ್ಬಿನ ಹೊಲ ಇರುವ ಮನೆ. ಹುಡುಗನ ತಂದೆ ತೀರಿಕೊಂಡಿದ್ದರು. ಮನೆಯ ಎಲ್ಲ ವ್ಯವಹಾರ ಅವನ ಕಾಕಾನದು, ಅಂದರೆ ತಂದೆಯ ತಮ್ಮನದು. ತಂಗಿಯ ಪರೀಕ್ಷೆ ಮುಗಿದ ಮೇಲೆ, ವೈಶಾಖದಲ್ಲಿ ಮದುವೆ ಎಂದು ಎರಡೂ ಕಡೆಯವರು ಮಾತು ಕೊಟ್ಟುಕೊಂಡಿದ್ದರು.

ನಡುವಿನ ಆ ತಿಂಗಳುಗಳು ತಂಗಿಗೆ ಬೇಕಾಗಿದ್ದವು. ಹುಡುಗ ಭಾನುವಾರ ಸಂಜೆ ಫೋನು ಮಾಡುತ್ತಿದ್ದ. ಅವಳು ಮಾಳಿಗೆ ಹತ್ತಿ ಮಾತಾಡಿ ಬಂದು, ಅವತ್ತು ಹೊಸದಾಗಿ ಗೊತ್ತಾದದ್ದನ್ನು ನನಗೆ ಹೇಳುತ್ತಿದ್ದಳು. ಅವನಿಗೆ ಬದನೆಕಾಯಿ ಸೇರುವುದಿಲ್ಲ. ಹೊಳೆಯಲ್ಲಿ ಈಜುತ್ತಾನೆ, ಬಾವಿಗೆ ಮಾತ್ರ ಇಳಿಯುವುದಿಲ್ಲ. ಸಿಟ್ಟು ಬಂದರೆ ಕೂಗುವುದಿಲ್ಲ, ಹೊಲಕ್ಕೆ ಹೋಗಿಬಿಡುತ್ತಾನೆ. "ಕೂಗಂಗಿಲ್ಲಂತ ಅಕ್ಕ," ಎಂದು ಅದೊಂದನ್ನು ಮಾತ್ರ ಅವಳು ಮತ್ತೆ ಮತ್ತೆ ಹೇಳಿದಳು. ಮೊದಲ ವಾರಗಳಲ್ಲಿ ಫೋನು ಬಂದರೆ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ದೀಪಾವಳಿಯ ಹೊತ್ತಿಗೆ ತಾನೇ ಮೊಬೈಲು ಚಾರ್ಜಿಗಿಟ್ಟು ಕಾಯುವಷ್ಟಾಗಿದ್ದಳು.

ಅದೇ ದಿನಗಳಲ್ಲಿ ನಾವು ಆ ಕೊರಿಯಾದ ಧಾರಾವಾಹಿ ನೋಡುತ್ತಿದ್ದೆವು, ತಂಗಿಯ ಮೊಬೈಲಿನಲ್ಲಿ, ಹಿಂದಿ ಧ್ವನಿಯಲ್ಲಿ. ಅವ್ವನಿಗೆ ಹಿಂದಿ ಮುಕ್ಕಾಲು ತಿಳಿಯುತ್ತದೆ, ಉಳಿದ ಕಾಲು ಭಾಗ ತಾನೇ ಸೇರಿಸಿಕೊಳ್ಳುತ್ತಾಳೆ. ಕಥೆ ಇಷ್ಟೇ: ಸಮುದ್ರ ದಂಡೆಯ ಒಂದು ಸಣ್ಣ ಊರಿನಲ್ಲಿ ಒಬ್ಬಳು ಇಸ್ತ್ರಿ ಅಂಗಡಿ ಇಟ್ಟಿದ್ದಾಳೆ. ಒಬ್ಬ ಬಸ್ಸಿನ ಡ್ರೈವರು ಅಲ್ಲಿಗೆ ಅಂಗಿ ತಂದುಕೊಡುತ್ತಾನೆ. ಇಸ್ತ್ರಿಯಾದ ಮೇಲೆ ಒಯ್ಯುತ್ತಾನೆ. ಮತ್ತೆ ತಂದುಕೊಡುತ್ತಾನೆ. ಮೊದಲ ಕಂತುಗಳೆಲ್ಲ ಇದರಲ್ಲೇ ಕಳೆಯುತ್ತವೆ. ಮುಂದೊಂದು ಕಂತಿನಲ್ಲಿ, ಅವನು ಕೇಳದಿದ್ದರೂ, ಅವಳು ಅವನ ಅಂಗಿಗೆ ಕಿತ್ತುಹೋದ ಗುಂಡಿ ಹಚ್ಚಿಕೊಡುತ್ತಾಳೆ. ಆ ಗುಂಡಿ ಬಂದ ದಿನ ತಂಗಿ ಚಪ್ಪಾಳೆ ಹೊಡೆದಳು.

ಪಟ್ಟಣದ ವಿಮರ್ಶಕರಿಗೆ ಇದು ಸೇರಲಿಲ್ಲ. ಧಾರಾವಾಹಿಯಲ್ಲಿ ಏನೂ ನಡೆಯುವುದಿಲ್ಲ ಎಂದು ಒಬ್ಬರು ಬರೆದರು. ವೇಗ ಹೆಚ್ಚಿಸಿಕೊಂಡು ನೋಡಿರೆಂದು ಇನ್ನೊಬ್ಬರು ಸಲಹೆ ಕೊಟ್ಟರು. ಮತ್ತೊಬ್ಬರಂತೂ ಇದನ್ನು ನೋಡುವುದೂ ಹೊಲದಲ್ಲಿ ಬೆಳೆ ಬೆಳೆಯುವುದನ್ನು ನೋಡುತ್ತ ಕೂರುವುದೂ ಒಂದೇ ಎಂದು ಗೇಲಿ ಮಾಡಿದ್ದರು. ಅದನ್ನು ಓದಿ ನನಗೆ ಮೈಯೆಲ್ಲ ಉರಿಯಿತು. ಬೆಳೆ ನೋಡುತ್ತ ಕೂರುವುದು ಬೇಸರದ ಕೆಲಸವೆಂದು ಈ ಮಹಾನುಭಾವರಿಗೆ ಹೇಳಿದವರು ಯಾರು? ತೊಗರಿ ಹೂ ಬಿಟ್ಟಾಗ ಮೋಡ ಕವಿದರೆ ನಮ್ಮಪ್ಪ ಬದುವಿನ ಮೇಲೆ ಉಸಿರು ಬಿಗಿಹಿಡಿದು ಕೂತಿರುತ್ತಾನೆ. ಪತ್ತೇದಾರಿ ಸಿನಿಮಾ ನೋಡುವವರೂ ಹಾಗೆ ಕೂರುವುದಿಲ್ಲ.

ನಮ್ಮ ಮನೆಯ ವಿಮರ್ಶೆಗಳೇ ಇದಕ್ಕಿಂತ ವಾಸಿ. "ಇಷ್ಟ್ ನಿಧಾನ ಯಾಕಂದ್ರ, ಆ ಹುಡುಗಿ ಮನ್ಯಾಗ ಹಿರ್ಯಾರು ಇಲ್ಲ ನೋಡು," ಎಂದಿದ್ದಳು ಅವ್ವ. "ಹಿರ್ಯಾರು ಇದ್ದಿದ್ರ ಎರಡನೇ ದಿನಕ್ಕೇ ತಲಿ ಮ್ಯಾಲ ಅಕ್ಕಿಕಾಳು ಬೀಳ್ತಿದ್ವು." ತಂಗಿ ಹೇಳಿದಳೆಂದು ಅಫಜಲಪುರದ ಹುಡುಗನೂ ನೋಡಲು ಕೂತಿದ್ದ. ಎರಡನೇ ಕಂತಿಗೇ ನಿದ್ದೆ ಬಂತೆಂದು ಒಪ್ಪಿಕೊಂಡನಂತೆ. ಚೆನ್ನಾಗಿದೆ ಎಂದು ಸುಳ್ಳು ಹೇಳಲಿಲ್ಲವಲ್ಲ ಎಂದು ತಂಗಿಗೆ ಅದೂ ಖುಷಿಯೇ.

ಕಲಬುರಗಿಯ ಒಂದು ಪತ್ರಿಕೆಯ ಭಾನುವಾರದ ಪುರವಣಿಗೆ ನಾನು ಆಗಾಗ ಬರೆಯುತ್ತಿದ್ದೆ. ಸಿಟ್ಟಿನಲ್ಲಿ ಕೂತವಳು ಏಳದೆ ಆ ವಿಮರ್ಶೆ ಬರೆದು ಮುಗಿಸಿದೆ. ನಮ್ಮ ಕಡೆ ಕನ್ಯೆ ನೋಡಲು ಬಂದವರು ತಾಟಿನಲ್ಲಿ ಕೊಟ್ಟ ಚುರುಮುರಿ ಸೂಸಲ ಮುಗಿಯುವುದರೊಳಗೆ ಹುಡುಗಿಯನ್ನು ನೋಡಿ, ತೂಗಿ, ಹೂಂ ಎಂದೋ ಊಹೂಂ ಎಂದೋ ಎದ್ದುಬಿಡುತ್ತಾರೆ. ಇಂಥ ನಾವು ಆ ಪಾಪದ ಡ್ರೈವರನಿಗೆ ನಿಧಾನ ಎಂದು ಬೈಯುವುದೇ ಎಂದು ಕೇಳಿದೆ. ಒಬ್ಬ ಹಿರಿಯರು ಹುಡುಗಿಯ ಕೈಗೆ ಅಂದಿನ ಪೇಪರು ಕೊಟ್ಟು, ಕಣ್ಣು ಸರಿಯಿದೆಯೋ ನಾಲಗೆ ತೊದಲುತ್ತದೆಯೋ ಎಂದು ಓದಿಸಿ ಪರೀಕ್ಷೆ ಮಾಡಿದ್ದನ್ನೂ ಬರೆದೆ.

ಅದು ನನ್ನದೇ ಕಥೆ. ಕೆಲವು ವರ್ಷಗಳ ಹಿಂದೆ ಯಡ್ರಾಮಿ ಕಡೆಯವರು ನನ್ನನ್ನು ನೋಡಲು ಬಂದಿದ್ದರು. ಓದು ಎಂದು ಪೇಪರು ಕೊಟ್ಟರು. ನಾನು ಮುಖಪುಟ ಬಿಟ್ಟು ಒಳಗಿನ ಶ್ರದ್ಧಾಂಜಲಿ ಜಾಹೀರಾತುಗಳನ್ನು ತೆಗೆದು, ಅಗಲಿದವರ ಹೆಸರು, ಮನೆತನ, ದುಃಖತಪ್ತ ಬಳಗ ಸಮೇತ ದೊಡ್ಡ ದನಿಯಲ್ಲಿ ಓದಿದೆ. ಸೂಸಲ ತಾಟಿನಲ್ಲೇ ಉಳಿಯಿತು. ಯಾರ ಮನಸ್ಸಿಗೂ ನೋವಾಗದಿರಲಿ ಎಂದು ವಿಮರ್ಶೆಯಲ್ಲಿ ಊರಿನ ಹೆಸರು ಹಾಕಲಿಲ್ಲ. ಎಡವಟ್ಟಾದದ್ದು ಅಲ್ಲೇ.

ವಿಮರ್ಶೆ ಅಚ್ಚಾದ ಭಾನುವಾರ ನಾನು ಪರೀಕ್ಷೆಯ ಕೆಲಸವೆಂದು ಜೇವರ್ಗಿಯಲ್ಲೇ ಉಳಿದಿದ್ದೆ. ಚಹಾ ಕುಡಿಯುವ ಮೊದಲೇ ಆಳಂದದ ದೂರದ ಸಂಬಂಧಿಯೊಬ್ಬರ ಫೋನು. "ನಮ್ಮ ಮಾವನ ಮರ್ಯಾದಿ ಪೇಪರ್ನ್ಯಾಗ ತೆಗದೀಯಲ್ಲವ್ವ, ಆಂವ ನಿನಗೇನ್ ಮಾಡ್ಯಾನ?" ಅವರ ಮಾವನೂ ಯಾವುದೋ ಹುಡುಗಿಗೆ ಪೇಪರು ಓದಿಸಿದ್ದನಂತೆ. ಅದು ನನಗೆ ಗೊತ್ತೇ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಮನೆ, ಮತ್ತೊಂದು ಮನೆ. ನನ್ನ ಕೋಣೆಯ ಎದುರು ಮನೆಯ ಹಿರಿಯರು ನನ್ನನ್ನು ಕಂಡು ಬಾಗಿಲು ಮುಂದೆ ಮಾಡಿಕೊಂಡರು. ಮೂರು ತಾಲೂಕಿನಲ್ಲಿ ಕನ್ಯೆಗೆ ಪೇಪರು ಓದಿಸಿದವರೆಲ್ಲ ಅದು ತಮ್ಮದೇ ಚಿತ್ರ ಎಂದುಕೊಂಡಿದ್ದರು. ಫೋನು ಮಾಡದೆ ಸುಮ್ಮನಿದ್ದವರು ಯಡ್ರಾಮಿಯವರು ಮಾತ್ರ.

ಅಲ್ಲಿಯವರೆಗೆ ನನಗೆ ನಗು ಬರುತ್ತಿತ್ತು. ಸಂಜೆ ಅವ್ವ ಫೋನು ಮಾಡಿದಳು. ದನಿ ತಗ್ಗಿಸಿ ಮಾತಾಡುತ್ತಿದ್ದಳು, ಅಪ್ಪ ಪಕ್ಕದಲ್ಲಿದ್ದಿರಬೇಕು.

"ಅಲ್ಲ ಬೇ, ಅಫಜಲಪುರದವ್ರು ಪೇಪರ್ ಓದಿಸಿದ್ದು ನಿನಗ್ಯಾರ್ ಹೇಳಿದ್ರು?"

"ಅವ್ರೂ ಓದಿಸಿದ್ರೇನು?"

"ಹುಡುಗನ ಕಾಕಾ ಓದಿಸಿದ್ದ. ಇದs ಪೇಪರ್."

ನನಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ತಂಗಿಯನ್ನು ನೋಡಲು ಅವರು ಬಂದ ದಿನ ನನ್ನನ್ನು ಊರಿಗೆ ಬರಬೇಡ ಎಂದಿದ್ದರು. ಮದುವೆಯಾಗದ ಅಕ್ಕ ಎದುರಿಗೆ ಕಂಡರೆ, ದೊಡ್ಡವಳಿಗೆ ಯಾಕೆ ಆಗಿಲ್ಲ, ಏನಾದರೂ ಐಬಿದೆಯೇ ಎಂಬ ಮಾತು ಏಳುತ್ತದೆಂದು ನಮ್ಮ ಕಡೆ ಹಾಗೆ ಬಚ್ಚಿಡುತ್ತಾರೆ. ನಾನು ಅವತ್ತು ಜೇವರ್ಗಿಯ ಕೋಣೆಯಲ್ಲಿ ಬಟ್ಟೆ ಒಗೆಯುತ್ತ ಕೂತಿದ್ದೆ. ನನ್ನನ್ನು ಮುಚ್ಚಿಟ್ಟದ್ದಕ್ಕೇ ಈ ಅನಾಹುತವಾಯಿತು ಎಂದು ಅವ್ವನಿಗೆ ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಅವ್ವ ಅಳುತ್ತಿದ್ದಳು. ಆ ಸಂಜೆ ಹುಡುಗನ ಫೋನು ಬಂದಿರಲಿಲ್ಲವಂತೆ. ತಂಗಿ ಕತ್ತಲಾಗುವವರೆಗೂ ಮಾಳಿಗೆ ಮೇಲಿದ್ದು ಇಳಿದು ಬಂದು, ಉಣ್ಣದೆ ಮಲಗಿದ್ದಳು.

ಅಲ್ಲಿಂದ ಶುರುವಾಯಿತು ನನ್ನ ಅಂಜಿಕೆ. ಗಟ್ಟಿಯಾದ ಸಂಬಂಧ ಮುರಿದರೆ ನಮ್ಮ ಕಡೆ ಯಾರೂ ಹುಡುಗನ ಮನೆಯವರನ್ನು ಯಾಕೆ ಎಂದು ಕೇಳುವುದಿಲ್ಲ, ಹುಡುಗಿಯ ಮುಖ ನೋಡುತ್ತಾರೆ. ಮುಂದೆ ಬಂದವರೆಲ್ಲ, ಮೊದಲಿನದು ಯಾಕೆ ಮುರೀತು ಎಂದೇ ಮಾತು ತೆಗೆಯುತ್ತಾರೆ. ಅಕ್ಕ ತನಗಂತೂ ಮಾಡಿಕೊಳ್ಳಲಿಲ್ಲ, ತಂಗಿಯದನ್ನೂ ಕೆಡಿಸಿದಳು ಎಂದು ಊರು ಆಡಿಕೊಳ್ಳುವುದು ನನಗೆ ಆಗಲೇ ಕೇಳಿಸುತ್ತಿತ್ತು. ಅದನ್ನು ತಡೆದುಕೊಂಡೇನು. ಆದರೆ ಕೂಗುವುದಿಲ್ಲವಂತೆ ಎಂದು ಅಷ್ಟು ಸಮಾಧಾನದಿಂದ ಹೇಳಿದವಳ ಮುಖ ಕಣ್ಣ ಮುಂದೆ ಬಂದರೆ ಅದನ್ನು ತಡೆಯಲಾಗುತ್ತಿರಲಿಲ್ಲ. ಅಫಜಲಪುರಕ್ಕೆ ನಾನೇ ಫೋನು ಮಾಡಿ, ಅದು ನೀವಲ್ಲ, ಯಡ್ರಾಮಿಯವರು ಎಂದು ಹೇಳಿಬಿಡಲೇ ಅಂದುಕೊಂಡೆ. ಹೇಳಿದರೆ, ನನ್ನನ್ನು ನೋಡಿ ಬಿಟ್ಟುಹೋದವರ ಕಥೆ ಹೇಳಬೇಕಾಗುತ್ತದೆ, ಶ್ರದ್ಧಾಂಜಲಿ ಓದಿದ್ದು ಹೇಳಬೇಕಾಗುತ್ತದೆ. ಇಂಥ ಅಕ್ಕನ ತಂಗಿ ಹೇಗಿರುತ್ತಾಳೋ ಎಂದು ಅವರು ಅಂದುಕೊಂಡರೆ? ನಂಬರು ತೆಗೆದು ನೋಡಿ ಮೊಬೈಲು ಕೆಳಗಿಟ್ಟೆ.

ಮಂಗಳವಾರ ಹುಡುಗನ ಕಾಕಾ ಅಪ್ಪನಿಗೆ ಫೋನು ಮಾಡಿದರು. ಅವರಾಡಿದ್ದನ್ನು ಅಪ್ಪ ನನಗೆ ಅಕ್ಷರ ಬಿಡದೆ ಒಪ್ಪಿಸಿದ. "ನಿಮ್ಮ ದೊಡ್ಡ ಮಗಳು ಬರದಿದ್ದು ಓದೀವ್ರಿ. ಗುರುವಾರ ಬರ್ತೇವಿ, ಮಾತಾಡೋದದ. ಆಕೀಗೂ ಇರಾಕ ಹೇಳ್ರಿ." ಇಷ್ಟು ಹೇಳಿ ಅಪ್ಪ ಫೋನಿಟ್ಟ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಗುರುವಾರ ಬೆಳಿಗ್ಗೆ ರಜೆ ಹಾಕಿ ಬಸ್ಸು ಹತ್ತಿದೆ. ಕಲಬುರಗಿಯಲ್ಲಿ ಬಸ್ಸು ಬದಲಿಸಿದೆ. ಮುಂದಿನ ಸೀಟಿನವನೊಬ್ಬ ಪೇಪರು ಬಿಡಿಸಿದರೂ ನನಗೆ ಬೆವರು. ಊರು ಹತ್ತಿರ ಬಂದಂತೆ ಬಸ್ಸು ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡೆ. ದಿನಾ ಕೆಟ್ಟು ನಿಲ್ಲುವ ಬಸ್ಸು ಅವತ್ತು ಸರಿಯಾದ ಹೊತ್ತಿಗೆ ತಂದು ಇಳಿಸಿತು.

ಅವರು ಜೀಪಿನಲ್ಲಿ ಬಂದರು: ಹುಡುಗನ ಕಾಕಾ, ಅವರ ಕಡೆಯ ಇನ್ನೊಬ್ಬ ಹಿರಿಯರು, ಹುಡುಗನ ತಾಯಿ. ಹುಡುಗ ಬಂದಿರಲಿಲ್ಲ. ಅದನ್ನು ನೋಡಿಯೇ ಅವ್ವ ಗೋಡೆ ಹಿಡಿದುಕೊಂಡಳು. ಅಪ್ಪ ಕಾಲಿಗೆ ನೀರು ಕೊಟ್ಟು ಪಡಸಾಲೆಯಲ್ಲಿ ಜಮಖಾನೆ ಹಾಸಿದ. ಹುಡುಗನ ತಾಯಿ ಒಂದು ಮೂಲೆಗೆ, ಗೋಡೆಗೆ ಒರಗದೆ ಕೂತರು. ತಲೆಯ ಮೇಲಿನ ಸೆರಗು ಹುಬ್ಬಿನವರೆಗೆ ಇಳಿದಿತ್ತು. ತಂಗಿ ಅಡುಗೆಮನೆಯಲ್ಲೇ ಇದ್ದಳು. ಕಾಕಾ ನನ್ನನ್ನು ಎದುರಿಗೆ ಕೂರಲು ಹೇಳಿ ಜೇಬಿನಿಂದ ಮಡಚಿದ ಪುರವಣಿ ತೆಗೆದರು.

"ಬರದವ್ರು ನೀವs ಏನ್ರಿ?"

"ಹೌದ್ರಿ."

"ಸೂಸಲ ತಿನ್ನೂದ್ರಾಗ ಕನ್ಯಾ ನೋಡಿ ಮುಗಸ್ತಾರ ಅಂತ ಬರದೀರಿ. ಪೇಪರ್ ಓದಸ್ತಾರ ಅಂತ ಬರದೀರಿ. ಇಷ್ಟ್ ಜಲ್ದಿ ಯಾಕ ಅಂತ ಕೇಳೀರಿ."

ಅದು ನಿಮ್ಮದಲ್ಲ ಎಂದು ಹೇಳಲು ಹೋದೆ. ತರಗತಿಯಲ್ಲಿ ಎಂಬತ್ತು ಮಂದಿಯನ್ನು ಒಂದು ಮಾತಿಗೆ ಸುಮ್ಮನಾಗಿಸುವ ನಾನು ಅಲ್ಲಿ ಒಂದು ಮಾತೂ ಆಡಲಾರದೆ ಕೂತೆ. ಅಪ್ಪ ಕೈ ಮುಗಿಯಲು ಹೊರಟ. ಕಾಕಾ ಅವನ ಕೈ ಹಿಡಿದು ಇಳಿಸಿದರು.

"ಬ್ಯಾಡ್ರಿ. ನಮಗ ತಿಳೀತು. ಸಂಬಂಧ ನಿಮಗ ಬ್ಯಾಡಾಗ್ಯಾದ. ಬಾಯಿಲೆ ಹ್ಯಾಂಗ ಹೇಳೂದು ಅಂತ ಪೇಪರ್ನ್ಯಾಗ ಬರಸೀರಿ."

ಯಾರಿಗೂ ಒಂದು ಕ್ಷಣ ಏನೂ ತಿಳಿಯಲಿಲ್ಲ. ಅವರು ನಮಗೆ ಒಲ್ಲೆ ಎನ್ನಲು ಬಂದಿರಲಿಲ್ಲ. ನಾವೇ ಒಲ್ಲೆ ಎಂದಿದ್ದೇವೆಂದು ತಿಳಿದು ಅಂಜಿಕೊಂಡು ಬಂದಿದ್ದರು. ಹೊಲದಲ್ಲಿ ದುಡಿಯುವ ಹುಡುಗರಿಗೆ ಈಗ ಯಾರೂ ಹೆಣ್ಣು ಕೊಡುವುದಿಲ್ಲ ಎಂದು ಕಾಕಾ ಹೇಳುತ್ತ ಹೋದರು. ಈ ಹುಡುಗನಿಗೇ ಹಿಂದೆ ಒಂದು ಕಡೆ ಸಂಬಂಧ ಗೊತ್ತಾಗಿ, ಅವರು ಮುಂದೆ ಹಾಕಿ ಹಾಕಿ ಕೊನೆಗೆ ಬೇರೆ ಕಡೆ ಕೊಟ್ಟರಂತೆ. ಅದಕ್ಕೇ ಭಾನುವಾರ ಹುಡುಗನಿಗೆ ಫೋನು ಮಾಡಬೇಡ ಎಂದಿದ್ದು ತಾವೇ ಎಂದರು.

"ನಿಮ್ಮ ಮನಸ್ಸಿನ್ಯಾಗ ಅಂಥಾದ್ದು ಇಲ್ಲಂದ್ರ ವೈಶಾಖದ ತನಕ ಯಾಕ್ರಿ? ಈ ಮಾರ್ಗಶಿರದಾಗs ಮುಗಿಸಿಬಿಡೂಣು. ಬರೂ ತಿಂಗಳ. ಏನಂತೀರಿ?"

"ಆಗ್ಲಿರಿ," ಎಂದುಬಿಟ್ಟ ಅಪ್ಪ. ಯೋಚನೆ ಮಾಡಲು ಅವನು ಉಸಿರೂ ತೆಗೆದುಕೊಳ್ಳಲಿಲ್ಲ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನಗತೊಡಗಿದಳು. ನನಗೂ ಎದೆಯ ಮೇಲಿನ ಭಾರ ಇಳಿಯಿತು. ಚಹಾ ತರುತ್ತೇನೆಂದು ಎದ್ದು ಒಳಗೆ ಹೋದೆ.

ಒಲೆಯ ಮೇಲೆ ಚಹಾ ಉಕ್ಕಿ ಸುರಿಯುತ್ತಿತ್ತು. ತಂಗಿ ಅದರ ಪಕ್ಕದಲ್ಲೇ ನಿಂತಿದ್ದಳು, ಕಾಣದವಳಂತೆ. ನಾನು ಗ್ಯಾಸು ಆರಿಸಿದೆ. ಮುರೀಲಿಲ್ಲ, ಎಲ್ಲ ಸರಿಹೋಯಿತು ಎಂದೆ.

"ಮಾರ್ಗಶಿರಕ್ಕ ಇನ್ನ ಎಷ್ಟ್ ಭಾನುವಾರ ಉಳೀತಾವ ಅಕ್ಕ?" ಎಂದಳು.

ನಾನು ಲೆಕ್ಕ ಹಾಕಲಿಲ್ಲ. ಅವಳ ಮುಖ ಮತ್ತೆ ಆ ಮೊದಲ ವಾರಗಳಂತೆ ಬಿಳಿಚಿತ್ತು. ಪರೀಕ್ಷೆ ಹೋಗಲಿ ಎಂದಳು. ಹೂಂ ಎಂದರೆ ಪರಿಚಯವೇ ಇಲ್ಲದ ಮನೆಗೆ ಹೋಗಬೇಕು, ಊಹೂಂ ಎಂದರೆ ಅವರು ಎದ್ದು ಹೋಗುತ್ತಾರೆ, ನಾನೇನು ಮಾಡಲಿ ಎಂದಳು. ನಿಧಾನದ ಪರವಾಗಿ ಅರ್ಧ ಪುಟ ಬರೆದು ನಾನು ಮಾಡಿದ್ದು ಇದು: ನನ್ನ ತಂಗಿಗಿದ್ದ ನಿಧಾನವನ್ನು ಕಿತ್ತುಕೊಂಡಿದ್ದೆ. ನನಗೆ ನನ್ನ ಮೇಲೆ, ಹೊರಗೆ ನಗುತ್ತಿದ್ದವರ ಮೇಲೆ, ಆ ಪಟ್ಟಣದ ವಿಮರ್ಶಕರ ಮೇಲೆ ಒಟ್ಟಿಗೇ ಸಿಟ್ಟು ಬಂತು.

ಸಿಟ್ಟು ಪಡಸಾಲೆಯ ಹೊಸ್ತಿಲವರೆಗೆ ಜೊತೆಗಿತ್ತು. ಅಲ್ಲಿಂದ ಮುಂದೆ ಬರೀ ಅಂಜಿಕೆ. ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಕಾಕಾರ, ಮದುವಿ ವೈಶಾಖದಾಗs ಇರ್ಲಿರಿ," ಎಂದೆ. "ಆಕೀಗಿ ಪರೀಕ್ಷಾ ಅದ. ಆಕೀನ್ನ ಒಂದ್ ಮಾತು ಯಾರೂ ಕೇಳಿಲ್ಲ."

ನಗು ನಿಂತಿತು. ಅಪ್ಪ ನನ್ನ ಕಡೆ ನೋಡಿದ ನೋಟ ಈಗಲೂ ಮರೆಯಲಾರೆ. "ಒಳಗ ಹೋಗು ನೀ," ಎಂದ. ಕಾಕಾ ಪುರವಣಿಯನ್ನು ಮಡಚಿ ಜೇಬಿಗಿಟ್ಟರು.

"ಅಂದ್ರ ನಾವು ತಿಳಕೊಂಡಿದ್ದs ಖರೇ ಆತು," ಎಂದು ಎದ್ದು ನಿಂತರು. ಜೊತೆಗೆ ಬಂದ ಹಿರಿಯರೂ ಎದ್ದರು. ಅವ್ವ ಬಾಗಿಲಿಗೆ ಅಡ್ಡ ಬಂದು, ಕೂಡ್ರಿ, ಕೂಡ್ರಿ ಎಂದು ಬೇಡಿಕೊಳ್ಳುತ್ತಿದ್ದಳು. ಕಾಕಾ ಚಪ್ಪಲಿಗೆ ಕಾಲು ಹಾಕುತ್ತಿದ್ದರು. ಮುಗಿಯಿತು ಅಂದುಕೊಂಡೆ. ಮಾತು ವಾಪಸ್ ತೆಗೆದುಕೊಳ್ಳಬೇಕು, ಅವರ ಕಾಲಿಗೆ ಬೀಳಬೇಕು ಅನ್ನಿಸಿತು.

ಆಗ ತಂಗಿ ನನ್ನ ಹಿಂದಿನಿಂದ ಬಂದಳು. ಕಾಕಾನನ್ನೂ ಅಪ್ಪನನ್ನೂ ದಾಟಿ ನೇರ ಹುಡುಗನ ತಾಯಿಯ ಮುಂದೆ ಹೋಗಿ ನೆಲದ ಮೇಲೆ ಕೂತಳು. ಕೈಯಲ್ಲಿ ಇನ್ನೂ ಚಹಾ ಸೋಸುವ ಅರಿವೆ ಇತ್ತು.

"ಅತ್ತ್ಯಾರ, ನಾ ಒಲ್ಲೆ ಅನ್ನಾಕತ್ತಿಲ್ರಿ," ಎಂದಳು. "ನನಗ ಅಂಜಿಕಿ ಆಗ್ತದ್ರಿ. ಅವ್ರ ಜೋಡಿ ಫೋನಿನ್ಯಾಗ ಮಾತಾಡಿ ಮಾತಾಡಿ ಈಗೀಗ ಜರಾ ಕಡಿಮಿ ಆಗಾಕತ್ತದ. ಪೂರಾ ಹೋಗೂ ತನಕ ಟೈಮ್ ಕೊಡ್ರಿ. ಅಷ್ಟs ಕೇಳ್ತೇನಿ."

ಬಂದಾಗಿನಿಂದ ಒಂದು ಮಾತೂ ಆಡಿರದ ಆ ತಾಯಿ ಸೆರಗು ಸ್ವಲ್ಪ ಹಿಂದೆ ಸರಿಸಿ ತಂಗಿಯ ಮುಖ ನೋಡಿದರು. ಆಮೇಲೆ ನೆಲ ನೋಡುತ್ತ, ಮೆಲ್ಲಗೆ, ಆದರೆ ಪಡಸಾಲೆಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು.

"ಆ ಮನಿಗಿ ನಾ ಬಂದು ತಲಿ ಎಲ್ಲ ಬೆಳ್ಳಗಾತು ತಂಗಿ. ನಂದು ಅಂಜಿಕಿ ಇನ್ನಾ ಹೋಗಿಲ್ಲ."

ಕಾಕಾ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹಾಗೇ ನಿಂತಿದ್ದರು. ಆಕೆ ತಲೆಯೆತ್ತಿ ಅವರ ಕಡೆ ನೋಡಿದರು. ನೋಡುವಾಗ ಆಕೆಯ ಕೈಯನ್ನು ತಂಗಿ ಹಿಡಿದುಕೊಂಡಿದ್ದಳು.

"ವೈಶಾಖs ಇರ್ಲಿ," ಎಂದರು ಆಕೆ. "ಕೂಡ್ರಿ ನೀವು."

ಕಾಕಾ ಚಪ್ಪಲಿ ಕಳಚಿ ಬಂದು ಕೂತರು.